ಮುರಕಲ್ಲಿನ ಗುಡ್ಡೆಗೆ ಎಂಥ ಸೈಕಲ್?

ಬಂಟ್ವಾಳದಿಂದ ಸಿದ್ಧಕಟ್ಟೆಯಾಗಿ ಮೂಡುಬಿದಿರೆ, ಅಲ್ಲಿಂದ ವೇಣೂರು, ಗುರುವಾಯನಕೆರೆ ಹಾದು ಬೆಳ್ತಂಗಡಿ, ಪುಂಜಾಲಕಟ್ಟೆಯ ದಾರಿ ಹಿಡಿದರೆ ಮತ್ತೆ ಬಂಟ್ವಾಳ. ಈ ತ್ರಿಕೋನದ ಮೂರು ಬದಿಗಳೂ ಡಾಂಬರು ಕಂಡು ಎಷ್ಟೋ ಕಾಲವಾಯಿತು. ಆದರೆ ಡಾಂಬರು ಬಿಟ್ಟು ಎರಡು ಫರ್ಲಾಂಗು ಒಳಗೆ ಸರಿದರೆ ಸಾಕು: ಗೇರುಗುಡ್ಡೆಯ ಕಾಲುದಾರಿ, ರಬ್ಬರ್ ತೋಟದ ಜೀಪು ರಸ್ತೆ, ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಅಂಚು, ಅಕೇಶಿಯಾ ತೋಪಿನೊಳಗೆ ದರಲೆಯ ಮೇಲೆ ಹಾಯುವ ಜಾಡು. ವಾಮದಪದವಿನಂಥ ಬಯಲು ಪದವುಗಳು ಬೇರೆ. ಹೊಸದಾಗಿ ಮೌಂಟನ್ ಬೈಕ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ನೆಲ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಹೋಗಬೇಕಾದದ್ದು ಸೈಕಲ್ ಅಂಗಡಿಗೆ, ತೊಡಕು ಇರುವುದೂ ಅಲ್ಲಿಯೇ. ಹದಿನೈದು ಸಾವಿರದ ಸೈಕಲು ಮತ್ತು ನಲವತ್ತು ಸಾವಿರದ ಸೈಕಲು ಮಾರು ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗಿರುತ್ತವೆ. ಎರಡಕ್ಕೂ ದಪ್ಪ ಟೈರು, ಎರಡಕ್ಕೂ ಮುಂದೆ ಸ್ಪ್ರಿಂಗು, ಎರಡಕ್ಕೂ ಡಿಸ್ಕ್ ಬ್ರೇಕು. ಕಡಿಮೆ ಬೆಲೆಯದ್ದರ ಮೈಮೇಲೆ ಬಣ್ಣದ ಸ್ಟಿಕ್ಕರು ಒಂದೆರಡು ಹೆಚ್ಚೇ ಇರುತ್ತದೆ.

ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾದ ಒಣಮಣ್ಣು, ಇಂಗ್ಲೆಂಡಿನ ಕೆಸರು ನೋಡಿ ಹೇಳಿದಂಥವು. ನಮ್ಮ ಗುಡ್ಡೆಯ ನೆಲ ಅದಲ್ಲ. ಹಾಗಾಗಿ ಮೊದಲು ನೆಲದಿಂದಲೇ ಶುರು ಮಾಡುವುದು ಒಳ್ಳೆಯದು.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇದೇ ಬಂಟ್ವಾಳ, ಬೆಳ್ತಂಗಡಿ, ಜಮಲಾಬಾದ್, ವೇಣೂರು, ಮೂಡುಬಿದಿರೆಗಳನ್ನು ಹಾದುಹೋದ. ಟಿಪ್ಪುವಿನ ಪತನದ ನಂತರ ಕೈಗೆ ಬಂದ ಸೀಮೆಯ ಮಣ್ಣು, ಬೆಳೆ, ವ್ಯಾಪಾರಗಳ ವಿವರ ಬರೆದುಕೊಂಡು ಬಾ ಎಂದು ಕಂಪನಿ ಸರಕಾರ ಕಳಿಸಿದ್ದ ಮನುಷ್ಯ. ಅದಕ್ಕೆ ಸ್ವಲ್ಪವೇ ಮುಂಚೆ ಮಲಬಾರಿನ ಅಂಗಾಡಿಪುರಂನಲ್ಲಿ ಅವನು ಒಂದು ವಿಚಿತ್ರ ಕಲ್ಲು ನೋಡಿದ್ದ. ನೆಲದೊಳಗೆ ಇರುವಾಗ ಕಬ್ಬಿಣದ ಯಾವ ಆಯುಧದಲ್ಲೂ ಕಡಿಯುವಷ್ಟು ಮೆತ್ತಗೆ, ಹೊರಗೆ ತೆಗೆದು ಗಾಳಿಗಿಟ್ಟರೆ ಗೋಡೆ ಕಟ್ಟುವಷ್ಟು ಗಟ್ಟಿ. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರು ಕೊಟ್ಟ. ನಮ್ಮ ಮುರಕಲ್ಲು ಭೂವಿಜ್ಞಾನದ ಪುಸ್ತಕ ಸೇರಿದ್ದು ಹೀಗೆ.

ಲಕ್ಷಾಂತರ ವರ್ಷಗಳ ಬಿಸಿಲು ಮಳೆಯಲ್ಲಿ ಮೂಲಬಂಡೆಯ ಸಿಲಿಕಾ, ಸುಣ್ಣ, ಸೋಡಿಯಂ, ಪೊಟ್ಯಾಸಿಯಂಗಳು ಕರಗಿ ತೊಳೆದುಹೋದ ಮೇಲೆ ಹಿಂದುಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳ ಗಂಟೇ ಮುರಕಲ್ಲು. ಮೇಲೆ ಇರುವುದು ಕಬ್ಬಿಣ ಹೆಚ್ಚಿರುವ ಗಡುಸು ಚಿಪ್ಪು. ಅದರ ಕೆಳಗೆ ಹೋದಂತೆ ಬಿಳಿ, ಹಳದಿ, ನೇರಳೆ ಬಣ್ಣದ ಶೇಡಿಮಣ್ಣು. ಚಿಪ್ಪು ಒಡೆದಲ್ಲೆಲ್ಲ ಕಾಳುಮೆಣಸಿನಿಂದ ನೆಲ್ಲಿಕಾಯಿಯವರೆಗಿನ ಗಾತ್ರದ ಉರುಟು ಜಲ್ಲಿ ಚೆಲ್ಲಿಕೊಂಡಿರುತ್ತದೆ. ಮಾರ್ಚ್ ತಿಂಗಳಲ್ಲಿ ಪದವಿನ ಅಂಚಿಗೆ ಹೋಗಿ ಬಗ್ಗಿ ನೋಡಿದರೆ ಗೊತ್ತಾಗುತ್ತದೆ: ಅಡಿಯಲ್ಲಿ ಸಿಮೆಂಟಿನಷ್ಟು ಗಟ್ಟಿ ನೆಲ, ಮೇಲೆ ಒಂದೇ ಪದರ ಉರುಳುವ ಕಬ್ಬಿಣದ ಗುಂಡು. ಅಗೆದು ಹೂತುಕೊಳ್ಳಲು ಟೈರಿಗೆ ಮಣ್ಣೇ ಇಲ್ಲ. ಅದೇ ಜಾಗಕ್ಕೆ ಜುಲೈಯಲ್ಲಿ ಹೋದರೆ ಜಲ್ಲಿಯೆಲ್ಲ ಕೊಚ್ಚಿಹೋಗಿ ಚಿಪ್ಪಿನ ಮೇಲೆ ಕಪ್ಪುಹಸಿರು ಪಾಚಿ ಕಟ್ಟಿರುತ್ತದೆ. ಕಣಿಗಳಲ್ಲಿ ಶೇಡಿ ಕದಡಿ ಸಾಬೂನು ನೀರಾಗಿರುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದೇ ಗುಡ್ಡೆ, ವರ್ಷಕ್ಕೆ ಎರಡು ಬೇರೆ ಬೇರೆ ನೆಲ. ಎರಡರಲ್ಲೂ ಸಮಸ್ಯೆ ಒಂದೇ, ಹಿಡಿತ. ಹತ್ತಡಿ ಹಾರಿ ಬೀಳುವ ಜಾಗಗಳು ಇಲ್ಲಿ ಇಲ್ಲ. ಜಾರುವ ಜಾಗಗಳು ಧಾರಾಳ.

ಆದ್ದರಿಂದ ಕೈಯಲ್ಲಿರುವ ಹಣ ಮೊದಲು ಹೋಗಬೇಕಾದ್ದು ಟೈರಿಗೆ, ಬ್ರೇಕಿಗೆ, ಹಿಂದಿನ ಚಕ್ರದ ನಡುವಿನ ಹಬ್ಬಿಗೆ. ಸ್ಪ್ರಿಂಗಿಗೆ ಕೊನೆಗೆ ಉಳಿದರೆ ಕೊಡಬಹುದು. ಅಂಗಡಿಯ ಮಾತು ಶುರುವಾಗುವುದು ಸ್ಪ್ರಿಂಗಿನಿಂದ, ಅದೇ ಕಷ್ಟ.

ಟೈರಿನ ಲೆಕ್ಕ ಸರಳ. 75 ಕಿಲೋ ತೂಕದ ಸವಾರ, 15 ಕಿಲೋ ಸೈಕಲು, ಒಟ್ಟು 90. ಅದರಲ್ಲಿ ಸುಮಾರು 54 ಕಿಲೋ ಹಿಂದಿನ ಚಕ್ರದ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಟೈರಿನಲ್ಲಿ 50 ಪಿಎಸ್‌ಐ ಗಾಳಿ ಇದ್ದರೆ ಒಂದು ಚದರ ಸೆಂಟಿಮೀಟರ್ ಹೊರುವುದು ಸುಮಾರು ಮೂರೂವರೆ ಕಿಲೋ. ಅಂದರೆ ನೆಲಕ್ಕೆ ತಾಗುವ ಜಾಗ 15 ಚದರ ಸೆಂಟಿಮೀಟರ್. ಗಾಳಿಯನ್ನು 30 ಪಿಎಸ್‌ಐಗೆ ಇಳಿಸಿದರೆ ಅದು 26ಕ್ಕೆ ಹತ್ತಿರವಾಗುತ್ತದೆ. ಕಾಸು ಖರ್ಚಿಲ್ಲದೆ ಮೂರನೇ ಎರಡರಷ್ಟು ಹೆಚ್ಚು ಜಾಗ. ಘರ್ಷಣೆಗೆ ತಾಗುವ ವಿಸ್ತಾರದ ಹಂಗಿಲ್ಲ ಎಂದು ಹೈಸ್ಕೂಲಿನಲ್ಲಿ ಓದಿದ್ದೇವಲ್ಲ ಎಂದು ಯಾರಾದರೂ ಕೇಳಬಹುದು. ಮರದ ತುಂಡು ಮೇಜಿನ ಮೇಲೆ ಜಾರುವಾಗ ಅದು ಸರಿ. ರಬ್ಬರಿನ ವಿಷಯ ಬೇರೆ. ಅದು ಕಲ್ಲಿನ ಉಬ್ಬುತಗ್ಗುಗಳ ಮೇಲೆ ಒತ್ತಿ ಅವುಗಳ ಆಕಾರಕ್ಕೆ ಬಗ್ಗುತ್ತದೆ, ಬಗ್ಗಿದ್ದು ತಕ್ಷಣ ಮರಳುವುದಿಲ್ಲ, ಆ ತಡವೇ ಹಿಡಿತವಾಗುತ್ತದೆ. ಜಾಗ ಹೆಚ್ಚಾದಷ್ಟೂ ಉರುಳುವ ಜಲ್ಲಿಯ ಸಂದಿಯಲ್ಲಿ ಗಟ್ಟಿ ಚಿಪ್ಪನ್ನು ಮುಟ್ಟುವ ಅವಕಾಶವೂ ಹೆಚ್ಚು. ಗಾಳಿ ಬಿಗಿಯಾಗಿ ತುಂಬಿದ ಟೈರು ಜಲ್ಲಿಯ ಮೇಲೆ ನಿಲ್ಲುತ್ತದೆ, ಸಡಿಲ ಟೈರು ಜಲ್ಲಿಯನ್ನು ಒಳಗೆ ತೆಗೆದುಕೊಳ್ಳುತ್ತದೆ.

ಇಳಿಸುವುದಕ್ಕೂ ಒಂದು ಮಿತಿ ಇದೆ. ಮುರಕಲ್ಲಿನ ಕೋರೆಯಂಚಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಟೈರು ಅಗಲವಿದ್ದಷ್ಟು ಈ ಮಿತಿ ಕೆಳಗೆ ಸರಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಟೈರಿನ ಪಕ್ಕದ ಅಂಕಿ ಓದಿ: 1.95 ಎಂದಿದ್ದರೆ ಕಿರಿದು, 2.1 ನಡೆಯುತ್ತದೆ, 2.25 ಅಥವಾ 2.3 ಇದ್ದರೆ ಉತ್ತಮ. ಈಗಿರುವುದು ಕಿರಿದಾಗಿದ್ದರೂ ಫ್ರೇಮಿನ ಹಿಂಗಾಲುಗಳ ನಡುವೆ ಅಗಲದ ಟೈರಿಗೆ ಜಾಗ ಇದೆಯೇ ನೋಡಿ, ಎರಡೂ ಬದಿಗೆ ಕಿರುಬೆರಳು ತೂರುವಷ್ಟಾದರೂ ಬೇಕು. ಒಳ್ಳೆಯ ಮೆದು ರಬ್ಬರಿನ, ಅಂಚಿನಲ್ಲಿ ಎದ್ದುಕಾಣುವ ಗುಬುಟುಗಳಿರುವ ಮುಂದಿನ ಟೈರೊಂದಕ್ಕೆ ಒಂದೂವರೆಯಿಂದ ಮೂರು ಸಾವಿರ ರೂಪಾಯಿ ಬೀಳುತ್ತದೆ. ಅಗ್ಗದ ಸೈಕಲಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವುದು ನನಗೆ ಕಂಡಿಲ್ಲ. ಕವಾಟ ಮೋಟಾರು ಬೈಕಿನಂಥ ಶ್ರೇಡರ್ ಆಗಿದ್ದರೆ ಒಂದು ಅನುಕೂಲ, ಬಿ.ಸಿ.ರೋಡಿನ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು. ಅಲ್ಲಿನ ಹುಡುಗ ಅಭ್ಯಾಸಬಲದಿಂದ ಅರುವತ್ತು ತುಂಬಿಸದ ಹಾಗೆ ನೋಡಿಕೊಂಡರಾಯಿತು.

ಇನ್ನು ಬ್ರೇಕು. ಮೌಂಟನ್ ಬೈಕಿನ ಚರಿತ್ರೆ ಶುರುವಾಗುವುದೇ ಬ್ರೇಕು ಸುಟ್ಟ ವಾಸನೆಯಿಂದ. 1976ರ ಅಕ್ಟೋಬರ್ 21ರಂದು ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯ ಬೆಟ್ಟವೊಂದರಲ್ಲಿ ಕೆಲವು ಹುಡುಗರು ಇಳಿಜಾರಿನ ಪಂದ್ಯ ಇಟ್ಟುಕೊಂಡರು. ಅವರದ್ದು 1930, 40ರ ದಶಕದ ಹಳೆಯ ಭಾರದ ಸೈಕಲುಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಬ್ಬಿನ ಒಳಗೆ ಹಿಡಿಯುವ ಕೋಸ್ಟರ್ ಬ್ರೇಕು ಒಂದೇ ಗತಿ. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನ ಗ್ರೀಸು ಹೊಗೆಯಾಗಿ ಹೋಗಿರುತ್ತಿತ್ತು, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕು. ಆ ಇಳಿಜಾರಿಗೆ ರೀಪ್ಯಾಕ್ ಎಂಬ ಹೆಸರು ಬಿದ್ದದ್ದು ಅದರಿಂದ. ಮರುವರ್ಷ ಜೋ ಬ್ರೀಜ್ ಎಂಬಾತ ಇದೇ ಕೆಲಸಕ್ಕೆಂದು ಹೊಸ ಫ್ರೇಮು ಬೆಸೆದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯಿಂದ ಹೊರಬಂತು. ಉಳಿದದ್ದು ವ್ಯಾಪಾರದ ಕಥೆ.

ಗ್ರೀಸು ಹೊಗೆಯಾಗುವುದು ಉತ್ಪ್ರೇಕ್ಷೆಯಲ್ಲ. 90 ಕಿಲೋ ಭಾರ 100 ಮೀಟರ್ ಎತ್ತರದ ಗುಡ್ಡೆಯಿಂದ ಇಳಿದರೆ ಸುಮಾರು 88 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ನಮ್ಮೂರಿನ ಬಾವಿಯಿಂದ ಸೇದಿದ ಕಾಲು ಲೀಟರ್ ನೀರನ್ನು ಕುದಿಬಿಂದುವಿಗೆ ಮುಟ್ಟಿಸಿಯೂ ಸ್ವಲ್ಪ ಮಿಗುವಷ್ಟು ಶಾಖ ಅದು. ಗಾಳಿ ಸ್ವಲ್ಪ ತಿನ್ನುತ್ತದೆ, ನಿಧಾನವಾಗಿ ಇಳಿಯುವ ಹೊಸಬನಲ್ಲಿ ಹೆಚ್ಚಿನ ಪಾಲು ಬ್ರೇಕಿಗೇ. ರಿಮ್ಮನ್ನು ಹಿಡಿಯುವ ಹಳೆಯ ವಿ-ಬ್ರೇಕು ಒಣ ರಸ್ತೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದನ್ನು ಹಳಿಯುವ ಕಾರಣವಿಲ್ಲ. ಮುರಕಲ್ಲಿನ ಕೆಸರಿನಲ್ಲಿ ಮಾತ್ರ ಅದು ಸೋಲುತ್ತದೆ. ಕೆಂಪು ಕೆಸರಿನಲ್ಲಿರುವ ಹೆಮಟೈಟ್ ಕಣಗಳ ಕಠಿಣತೆ ಮೋಸ್ ಮಾಪಕದಲ್ಲಿ 5.5ರಿಂದ 6.5, ಹರಳುಮರಳಿನದ್ದು 7. ಅಲ್ಯುಮಿನಿಯಂನದ್ದು ಮೂರಕ್ಕಿಂತಲೂ ಕಡಿಮೆ. ಬ್ರೇಕು ಒತ್ತಿದಾಗಲೆಲ್ಲ ಪ್ಯಾಡು ಮತ್ತು ರಿಮ್ಮಿನ ನಡುವೆ ಉಜ್ಜುಕಾಗದ ಹಾಕಿದಂತೆಯೇ. ಡಿಸ್ಕ್ ಬ್ರೇಕಿನ ಉಕ್ಕಿನ ತಟ್ಟೆ ಕೆಸರಿನಿಂದ ಮೇಲೆ, ಚಕ್ರದ ನಡುವಿನಲ್ಲಿ ಇರುತ್ತದೆ. ಹಾಗಾಗಿ ನಮ್ಮಲ್ಲಿ ಡಿಸ್ಕು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಡಿಸ್ಕು ಅಂದಕೂಡಲೇ ಎಲ್ಲವೂ ಒಂದೇ ಅಲ್ಲ. ಅಗ್ಗದ ಸೈಕಲಿನಲ್ಲಿ ತಂತಿ ಎಳೆಯುವ ಮೆಕ್ಯಾನಿಕಲ್ ಡಿಸ್ಕು. ಹೆಚ್ಚಿನವುಗಳಲ್ಲಿ ಒಂದೇ ಪ್ಯಾಡು ಚಲಿಸಿ ತಟ್ಟೆಯನ್ನು ಇನ್ನೊಂದು ಪ್ಯಾಡಿಗೆ ಬಗ್ಗಿಸಿ ಒತ್ತುತ್ತದೆ. ಪ್ಯಾಡು ಸವೆದಂತೆ ನಾವೇ ತಿರುಪು ತಿರುವಿ ಹತ್ತಿರ ತರಬೇಕು. ಜೂನ್ ಕಳೆಯುವಷ್ಟರಲ್ಲಿ ತಂತಿಯ ಕೊಳವೆಯೊಳಗೆ ನೀರು, ಕೆಂಪುಹುಡಿ ಸೇರಿ ಲಿವರು ಬಿಗಿಯಾಗುತ್ತದೆ. ಇದರ ಒಳ್ಳೆಯ ಗುಣ ಒಂದೇ: ಮೂಡುಬಿದಿರೆಯ ಯಾವ ಸೈಕಲ್ ಮೆಕ್ಯಾನಿಕ್ಕೂ ಹೊಸ ತಂತಿ ಹಾಕಿ ಸರಿಮಾಡಿ ಕೊಡುತ್ತಾನೆ. ಹೈಡ್ರಾಲಿಕ್ಕಿನಲ್ಲಿ ಎರಡೂ ಕಡೆಯಿಂದ ಪಿಸ್ಟನ್ ಒತ್ತುತ್ತದೆ, ಸವೆತಕ್ಕೆ ತಾನಾಗಿಯೇ ಹೊಂದಿಕೊಳ್ಳುತ್ತದೆ, ಮುಚ್ಚಿದ ಕೊಳವೆಯಾದ್ದರಿಂದ ಮಳೆನೀರು ಒಳಹೋಗುವುದಿಲ್ಲ. ಮುಖ್ಯವಾಗಿ, ಒಂದು ಬೆರಳಲ್ಲಿ ಹಿಡಿಯಬಹುದು, ಉಳಿದ ಬೆರಳುಗಳು ಹ್ಯಾಂಡಲಿಗೇ ಇರುತ್ತವೆ. ಹೊಸಬರು ಬೀಳುವುದು ಬ್ರೇಕು ಹಿಡಿಯದೆ ಇದ್ದದ್ದಕ್ಕಿಂತ ಹೆಚ್ಚಾಗಿ, ಕೈ ಸೋತು ಒಮ್ಮೆಗೇ ಗಟ್ಟಿಯಾಗಿ ಹಿಡಿದದ್ದಕ್ಕೆ. ಶಿಮಾನೋ, ಟೆಕ್ಟ್ರೋ ಕಂಪನಿಗಳ ಆರಂಭಿಕ ಹೈಡ್ರಾಲಿಕ್ ಬ್ರೇಕುಗಳಲ್ಲಿ ಖನಿಜ ತೈಲ ಇರುತ್ತದೆ. ಡಾಟ್ ದ್ರವ ಬಳಸುವ ಬ್ರೇಕುಗಳೂ ಇವೆ, ಆ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಕರಾವಳಿಯ ಹವೆಗೆ ಖನಿಜ ತೈಲವೇ ವಾಸಿ.

ಅಂಗಡಿಯಲ್ಲಿ ತಟ್ಟೆಯ ಮೇಲೆ ಕೊರೆದ ಸಣ್ಣ ಅಕ್ಷರವನ್ನೂ ಓದಿ. ಅಗ್ಗದ ತಟ್ಟೆಗಳ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದಿರುತ್ತದೆ. ರಾಳದ ಪ್ಯಾಡು ಶಬ್ದ ಮಾಡದೆ ಮೃದುವಾಗಿ ಹಿಡಿಯುತ್ತದೆ, ಆದರೆ ಕೆಂಪು ಕೆಸರಿನಲ್ಲಿ ಬೇಗ ಕರಗುತ್ತದೆ. ಲೋಹದ ಹುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡು ಮಳೆಗಾಲಕ್ಕೆ ಬಾಳಿಕೆ ಬರುತ್ತದೆ, ಕೂಗಾಟ ಜಾಸ್ತಿ. ಅದನ್ನು ಈ ಮೆದು ತಟ್ಟೆಗೆ ಹಾಕಿದರೆ ತಟ್ಟೆಯೇ ಸವೆಯುತ್ತದೆ. ತಟ್ಟೆ ಬದಲಿಸುವ ಖರ್ಚು ದೊಡ್ಡದಲ್ಲ, ಮೊದಲೇ ತಿಳಿದಿದ್ದರೆ ಒಳ್ಳೆಯದು ಅಷ್ಟೆ.

ಎಂಥ ಬ್ರೇಕೂ ಟೈರಿನ ಹಿಡಿತಕ್ಕಿಂತ ಹೆಚ್ಚು ನಿಲ್ಲಿಸಲಾರದು ಎಂಬ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಐದು ಮೀಟರ್ ನಡೆಯುವಷ್ಟರಲ್ಲಿ ಒಂದು ಮೀಟರ್ ಇಳಿಯುವ ಇಳಿಜಾರು, ಮೇಲೆ ಪಾಚಿ. ಘರ್ಷಣಾಂಕ 0.2ಕ್ಕೆ ಇಳಿದಿದ್ದರೆ ಗುರುತ್ವದ ಎಳೆತವೂ ಟೈರಿನ ಹಿಡಿತವೂ ಸರಿಸಮ. ನಲವತ್ತು ಸಾವಿರದ ಸೈಕಲಾಗಲಿ ನಾಲ್ಕು ಲಕ್ಷದ್ದಾಗಲಿ, ಅಲ್ಲಿ ನಿಲ್ಲುವುದಿಲ್ಲ. ಇಳಿದು ನಡೆಯುವುದೇ ಸರಿ.

ಈಗ ಹಿಂದಿನ ಚಕ್ರದ ಹತ್ತಿರ ಕೂತು ನೋಡಬೇಕಾದ ಒಂದು ವಿಷಯ. ಅಗ್ಗದ ಮತ್ತು ಸಾಕಷ್ಟು ಒಳ್ಳೆಯ ಸೈಕಲಿನ ನಡುವಿನ ನಿಜವಾದ ಗಡಿ ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಹಲ್ಲುಚಕ್ರಗಳ ಗೊಂಚಲು ಹಬ್ಬಿಗೆ ಕೂರುವ ರೀತಿ ಎರಡು. ಒಂದು ಫ್ರೀವೀಲ್: ಇಡೀ ಗೊಂಚಲು, ಒಳಗಿನ ಕಟಕಟ ಯಂತ್ರ ಸಮೇತ, ಹಬ್ಬಿನ ತಿರುಪಿಗೆ ಬಿಗಿಯಲ್ಪಡುತ್ತದೆ. ಹೀಗಾದಾಗ ಬಲಬದಿಯ ಬೇರಿಂಗು ಗೊಂಚಲಿನ ಒಳಮಗ್ಗುಲಲ್ಲೇ ಉಳಿಯುತ್ತದೆ. ಬೇರಿಂಗಿನಿಂದ ಫ್ರೇಮಿನವರೆಗೆ ಸುಮಾರು ನಾಲ್ಕು ಸೆಂಟಿಮೀಟರಿನಷ್ಟು ಆಕ್ಸಲು ಯಾವ ಆಸರೆಯೂ ಇಲ್ಲದೆ ಚಾಚಿಕೊಂಡಿರುತ್ತದೆ. ಕೋರೆಯ ಮೆಟ್ಟಿಲಿನಿಂದ ಧೊಪ್ಪೆಂದು ಇಳಿದಾಗಲೆಲ್ಲ ಬಾಗುವ ಒತ್ತಡ ಅದೇ ತುಂಡಿನ ಮೇಲೆ. ಪೇಟೆಯಲ್ಲಿ ಹತ್ತು ವರ್ಷ ಬಾಳುವ ಆಕ್ಸಲು ಗುಡ್ಡೆಯಲ್ಲಿ ಒಂದೇ ಬೇಸಿಗೆಗೆ ಬಾಗಲೂಬಹುದು. ಇನ್ನೊಂದು ರೀತಿ ಕ್ಯಾಸೆಟ್: ಕಟಕಟ ಯಂತ್ರ ಹಬ್ಬಿನದ್ದೇ ಭಾಗ, ಹಲ್ಲುಚಕ್ರಗಳು ಅದರ ಮೇಲೆ ತೊಡಿಸಿದಂತೆ ಕೂರುತ್ತವೆ, ಬೇರಿಂಗು ಫ್ರೇಮಿನ ಹತ್ತಿರಕ್ಕೆ ಸರಿಯುತ್ತದೆ. ಆಕ್ಸಲು ಬಾಗುವ ತಾಪತ್ರಯ ಬಹುಪಾಲು ಮುಗಿಯುತ್ತದೆ.

ಗುರುತಿಸುವುದು ಹೀಗೆ: ಬಲಬದಿಯಿಂದ ನೋಡುತ್ತ ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ಮಧ್ಯದಲ್ಲಿರುವ, ಪಾನಾ ಕೂರಿಸುವ ಹಲ್ಲುಗಳ ಬಳೆ ಜೊತೆಗೇ ತಿರುಗಿದರೆ ಕ್ಯಾಸೆಟ್, ಅದು ಅಲುಗಾಡದೆ ನಿಂತರೆ ಫ್ರೀವೀಲ್. ಏಳು ಹಲ್ಲುಚಕ್ರಗಳ ಅಗ್ಗದ ಸೈಕಲುಗಳಲ್ಲಿ ಸಾಮಾನ್ಯವಾಗಿ ಫ್ರೀವೀಲೇ. ಒಂಬತ್ತು ಇದ್ದರೆ ಸಾಮಾನ್ಯವಾಗಿ ಕ್ಯಾಸೆಟ್, ಆದರೂ ತಿರುಗಿಸಿ ನೋಡಿಯೇ ನಂಬಿ. ಮುಂದೆ ಯಾವತ್ತೋ ಬದಲಿಸೋಣ ಎಂದರೆ ಹಬ್ಬು ಬದಲಾಗಬೇಕು, ಹಬ್ಬು ಬದಲಾದರೆ ಇಡೀ ಚಕ್ರವನ್ನೇ ಮತ್ತೆ ಹೆಣೆಯಬೇಕು. ಟೈರಿನ ಹಾಗಲ್ಲ ಇದು, ಕೊಳ್ಳುವಾಗಲೇ ತೀರ್ಮಾನಿಸಬೇಕಾದದ್ದು.

'21 ಗೇರ್' ಎಂಬ ಸ್ಟಿಕ್ಕರಿಗೆ ಮರುಳಾಗುವ ಅಗತ್ಯವಿಲ್ಲ. ಮೂರು ಮತ್ತು ಏಳನ್ನು ಗುಣಿಸಿದ್ದು ಅದು, ಒಂದರ ಮೇಲೊಂದು ಬೀಳುವ ಅನುಪಾತಗಳೇ ಅದರಲ್ಲಿ ಹಲವು. ಕೇಳಬೇಕಾದ ಪ್ರಶ್ನೆ ಅತಿ ಹಗುರದ ಗೇರು ಎಷ್ಟು ಹಗುರ ಎಂದು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಗುಡ್ಡೆಯ ಜೀಪು ದಾರಿಯಲ್ಲಿ ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ 90 ಕಿಲೋ ಮೇಲೆತ್ತಲು ಸುಮಾರು 150 ವಾಟ್ ಬೇಕು. ಸಾಧಾರಣ ಆರೋಗ್ಯದ ಹೊಸಬ ಸ್ವಲ್ಪ ಹೊತ್ತು ಇಷ್ಟನ್ನು ಕೊಡಬಲ್ಲ. ನಿಮಿಷಕ್ಕೆ ಅರುವತ್ತು ಸುತ್ತು ತುಳಿಯುತ್ತ ಆ ವೇಗದಲ್ಲಿ ಏರಲು 29 ಇಂಚಿನ ಚಕ್ರಕ್ಕೆ 0.73ರ ಅನುಪಾತ ಬೇಕಾಗುತ್ತದೆ. ಮುಂದೆ 22 ಹಲ್ಲು ಹಿಂದೆ 30 ಇದ್ದರೆ ಸರಿಯಾಗಿ ಅಷ್ಟು. ಮುಂದೆ ಒಂದೇ ಚಕ್ರ 32 ಹಲ್ಲಿನದು, ಹಿಂದೆ ದೊಡ್ಡದು 42 ಇದ್ದರೆ 0.76, ಹತ್ತಿರ ಹತ್ತಿರ. ಮುಂದೆ 24 ಹಿಂದೆ 28 ಇರುವ '21 ಗೇರ್' ಸೈಕಲಿನಲ್ಲಿ 0.86. ಅದೇ ಏರಿನಲ್ಲಿ ತುಳಿತ ನಿಧಾನವಾಗಿ, ಮಂಡಿ ನೋಯುತ್ತದೆ, ಅಥವಾ ಸೈಕಲ್ ತಳ್ಳಿಕೊಂಡು ಹೋಗಬೇಕಾಗುತ್ತದೆ. ಮುಂದೆ ಒಂದು, ಹಿಂದೆ ಒಂಬತ್ತು ಎಂಬ ಹೊಸ ಪದ್ಧತಿಯಲ್ಲಿ ಮುಂದಿನ ಗೇರು ಬದಲಿಸುವ ಯಂತ್ರವೇ ಇಲ್ಲ. ಕೆಸರು ಮೆತ್ತಿ ಕೆಡುವ ಒಂದು ಭಾಗ ಕಡಿಮೆಯಾಯಿತು.

ಸ್ಪ್ರಿಂಗಿನ ವಿಚಾರಕ್ಕೆ ಬರೋಣ. ಸ್ಪ್ರಿಂಗು ಒತ್ತಿದ ಶಕ್ತಿಯನ್ನು ಇಟ್ಟುಕೊಂಡು ಮರುಗಳಿಗೆ ಹಿಂದಕ್ಕೆ ಕೊಡುತ್ತದೆ. ಆ ಮರುಪಾವತಿಯನ್ನು ನಿಧಾನಿಸುವುದು ಡ್ಯಾಂಪರ್, ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ನೂಕಿ ಶಕ್ತಿಯನ್ನು ಶಾಖವಾಗಿಸುವ ಭಾಗ. ಮುಂದಿನ ಚಕ್ರವನ್ನು ಹಿಡಿಯುವ ಅಗ್ಗದ ಫೋರ್ಕುಗಳಲ್ಲಿ ಸ್ಪ್ರಿಂಗು ಇರುತ್ತದೆ, ಡ್ಯಾಂಪರ್ ಇರುವುದಿಲ್ಲ. ಕಲ್ಲಿಗೆ ಬಡಿದು ಕುಗ್ಗಿದ ಫೋರ್ಕು ಅಷ್ಟೇ ಜೋರಾಗಿ ಮೇಲಕ್ಕೆ ಒದ್ದು ಮುಂದಿನ ಟೈರನ್ನು ನೆಲದಿಂದ ಬಿಡಿಸುತ್ತದೆ. ಹಿಡಿತವೇ ಸಮಸ್ಯೆಯಾಗಿರುವ ನೆಲದಲ್ಲಿ ಇದು ಸಹಾಯವೋ ಉಪದ್ರವೋ ನೀವೇ ಹೇಳಿ. ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿ, ಫಕ್ಕನೆ ಬಿಡಿ. ಠಕ್ ಎಂದು ಮೇಲೆ ಬಂದು ಬಡಿದರೆ ಡ್ಯಾಂಪರ್ ಇಲ್ಲ, ಉಸ್ಸೆಂದು ಏರಿದರೆ ಇದೆ. ಸ್ಪ್ರಿಂಗು ಕುಗ್ಗದಂತೆ ಬಿಗಿಯುವ ಲಾಕ್‌ಔಟ್ ಗುಂಡಿ ಇದೆ ಎಂಬುದರಿಂದ ಡ್ಯಾಂಪರ್ ಇದೆ ಎಂದಾಗುವುದಿಲ್ಲ. ಹಿಂದೆಯೂ ಸ್ಪ್ರಿಂಗಿರುವ ಹದಿನೈದು ಸಾವಿರದ ಡಬಲ್ ಸಸ್ಪೆನ್ಷನ್ ಸೈಕಲನ್ನು ಮಾತ್ರ ಯಾರೂ ತರಬೇಡಿ. ಏರಿನಲ್ಲಿ ತುಳಿದ ಶಕ್ತಿಯ ಒಂದಂಶ ಸೀಟಿನ ಕೆಳಗೇ ಕುಣಿದು ಹೋಗುತ್ತದೆ, ಕೀಲುಗಳು ಒಂದೇ ಮಳೆಗಾಲಕ್ಕೆ ಸಡಿಲ.

ಚಕ್ರ 26 ಇಂಚೋ 29 ಇಂಚೋ ಎಂಬ ಜಗಳ ಬೇಗ ಮುಗಿಸಬಹುದು. ಐದು ಸೆಂಟಿಮೀಟರ್ ಎತ್ತರದ ಬೇರಿಗೆ 26ರ ಚಕ್ರ ತಾಗುವ ಕೋನ ಸುಮಾರು 32 ಡಿಗ್ರಿ, 29ರದ್ದು 30. ದೊಡ್ಡ ಚಕ್ರ ಸುಲಭವಾಗಿ ಹತ್ತುತ್ತದೆ ಎಂಬುದು ನಿಜ, ಆದರೆ ಆ ಎರಡು ಡಿಗ್ರಿಗಿಂತ ಟೈರಿನ ಗಾಳಿ ಇಳಿಸುವುದರ ಲಾಭ ದೊಡ್ಡದು. ಹೊಸದಾಗಿ ಬರುವ ಒಳ್ಳೆಯ ಸೈಕಲುಗಳು 27.5 ಅಥವಾ 29ರಲ್ಲೇ ಇರುವುದರಿಂದ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ. ಫ್ರೇಮು ಅಲ್ಯುಮಿನಿಯಂ ಆದರೂ ಸರಿ, ಉಕ್ಕಾದರೂ ಸರಿ, ಅಳತೆ ಸರಿಯಿರಬೇಕು. ಮಗ ಬೆಳೆಯುತ್ತಾನಲ್ಲ ಎಂದು ದೊಡ್ಡ ಫ್ರೇಮು ತರುವುದು ಸಮವಸ್ತ್ರಕ್ಕೆ ಸರಿ, ಸೈಕಲಿಗಲ್ಲ. ನೆಲದ ಮೇಲೆ ಎರಡೂ ಕಾಲೂರಿ ನಿಂತಾಗ ಮೇಲಿನ ಕೊಳವೆಗೂ ತೊಡೆಸಂದಿಗೂ ನಡುವೆ ಮೂರು ನಾಲ್ಕು ಬೆರಳು ಜಾಗವಿರಲಿ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ 90 ಮಿಲಿಮೀಟರ್ ಉದ್ದವಿದ್ದರೆ ಇಳಿಜಾರಿನಲ್ಲಿ ಮೈಭಾರ ಮುಂದಿನ ಚಕ್ರದ ಕಡೆಗೇ ಸರಿಯುತ್ತದೆ. 60ರದ್ದನ್ನು ಹಾಕಿಸಿಕೊಳ್ಳಲು ಸಾವಿರ ರೂಪಾಯಿಯ ಆಸುಪಾಸು ಸಾಕು.

ಸೈಕಲಿನ ಜೊತೆ ಬರುವ ಕೈಪಿಡಿಯನ್ನು ಯಾರೂ ಓದುವುದಿಲ್ಲ, ಓದಬೇಕು. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಮಾನದಂಡದಲ್ಲಿ ಸೈಕಲುಗಳಿಗೆ 1ರಿಂದ 5ರವರೆಗೆ ವರ್ಗಗಳಿವೆ. 1 ಬರಿ ಡಾಂಬರಿಗೆ. 2ಕ್ಕೆ ಮಣ್ಣುರಸ್ತೆಯೂ ಆಗುತ್ತದೆ, 15 ಸೆಂಟಿಮೀಟರಿಗಿಂತ ಎತ್ತರದಿಂದ ಧುಮುಕುವಂತಿಲ್ಲ. 3ಕ್ಕೆ ಒರಟು ಜಾಡು, 60 ಸೆಂಟಿಮೀಟರಿನವರೆಗಿನ ಧುಮುಕು. ಹೆಸರಿನಲ್ಲಿ ಮೌಂಟನ್ ಎಂದಿದ್ದು ವರ್ಗ 2 ಎಂದಿದ್ದರೆ ಕಂಪನಿಯೇ ನಿಜ ಹೇಳಿಬಿಟ್ಟಿದೆ ಎಂದು ತಿಳಿಯಿರಿ.

ಹಾಗಾದರೆ ಎಷ್ಟು ಖರ್ಚು? ಹದಿನೈದು ಇಪ್ಪತ್ತು ಸಾವಿರದ ಹೊಸ ಸೈಕಲಿನಲ್ಲಿ ಫ್ರೀವೀಲು, ತಂತಿ ಡಿಸ್ಕು, ಡ್ಯಾಂಪರಿಲ್ಲದ ಸ್ಪ್ರಿಂಗು ಸಾಮಾನ್ಯ. ಜೀಪು ದಾರಿಗೆ ಇದು ಸಾಕು, ಧುಮುಕುವುದಕ್ಕಲ್ಲ. ಕ್ಯಾಸೆಟ್, ಹೈಡ್ರಾಲಿಕ್, 2.2ರ ಆಸುಪಾಸಿನ ಟೈರು ಮೂರೂ ಒಟ್ಟಿಗೆ ಸಿಗುವುದು ಸುಮಾರಾಗಿ ಮೂವತ್ತರಿಂದ ನಲವತ್ತೈದು ಸಾವಿರದೊಳಗೆ. ಸೈಕಲಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಹೆಲ್ಮೆಟ್ಟಿಗೆ ಆ ಉಳಿತಾಯ ಸಾಲುತ್ತದೆ. ಇಎನ್ 1078 ಎಂಬ ಗುರುತು ಇರುವ ಹೆಲ್ಮೆಟ್ ನೋಡಿ ತನ್ನಿ. ಮೂವತ್ತು ಸಾವಿರ ಹೊಂದಿಸಲಾಗದವರಿಗೆ ನನ್ನ ಒಲವು ಇಪ್ಪತ್ತು ಸಾವಿರದ ಹೊಸತಿಗಿಂತ ಅದೇ ಬೆಲೆಯ ಹಳೆಯ ಒಳ್ಳೆಯ ಸೈಕಲಿನ ಕಡೆಗೆ. ಬೆಂಗಳೂರು, ಮಂಗಳೂರುಗಳಲ್ಲಿ ಹುರುಪಿನಿಂದ ಕೊಂಡು ಬಾಲ್ಕನಿಯಲ್ಲಿ ನಿಲ್ಲಿಸಿಟ್ಟ ಸೈಕಲುಗಳಿಗೆ ಬರವಿಲ್ಲ. ನೋಡಲು ಹೋಗುವಾಗ ಒಂದು ಸ್ಟೀಲ್ ಸ್ಕೇಲು ಇರಲಿ. ಚೈನಿನ ಯಾವುದಾದರೊಂದು ಪಿನ್ನಿನಿಂದ ಅದರ ಮುಂದಿನ 24ನೆಯ ಪಿನ್ನಿನವರೆಗಿನ ದೂರ ಹೊಸದರಲ್ಲಿ ಸರಿಯಾಗಿ 12 ಇಂಚು. ಒಂದು ಇಂಚಿನ ಹದಿನಾರನೇ ಒಂದರಷ್ಟು ಹೆಚ್ಚಿದ್ದರೆ ಚೈನು ಮಾತ್ರ ಬದಲಿಸಿದರಾಯಿತು, ಎಂಟನೇ ಒಂದರಷ್ಟು ಹೆಚ್ಚಿದ್ದರೆ ಹಲ್ಲುಚಕ್ರಗಳೂ ಹೋಗಿರುತ್ತವೆ. ಬೆಲೆ ಇಳಿಸಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಆಮೇಲೆ ಚಕ್ರ ಹಿಡಿದು ಅಡ್ಡಡ್ಡ ಅಲುಗಿಸಿ, ಕಟಕಟ ಎಂದರೆ ಬೇರಿಂಗು ಸಡಿಲ.

ತಂದ ಮೇಲೆ ನೋಡಿಕೊಳ್ಳುವ ರೀತಿಯಲ್ಲಿ ನಮ್ಮ ಕಡೆಗೇ ವಿಶೇಷವಾದ ಒಂದು ಎಚ್ಚರಿಕೆ ಉಂಟು. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದ ಮೊದಲು, ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು, ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಆ ಪಂಪಿನಲ್ಲೇ ಜೀಪು, ಬೈಕು ತೊಳೆಯುವ ರೂಢಿ ಹಲವು ಮನೆಗಳಲ್ಲಿದೆ. ಡ್ರಮ್ಮಿನ ತಳದಲ್ಲಿ ಉಳಿದ ಮೈಲುತುತ್ತ ಸೈಕಲಿಗೆ ಒಳ್ಳೆಯದಲ್ಲ. ನೀರಿನಲ್ಲಿ ಕರಗಿದ ತಾಮ್ರ ಉಕ್ಕು, ಅಲ್ಯುಮಿನಿಯಂ ಮುಟ್ಟಿದರೆ ತಾನು ಅದರ ಮೇಲೆ ಕೂತು ಆ ಲೋಹವನ್ನು ಕರಗಿಸುತ್ತದೆ. ಕೂತ ತಾಮ್ರದ ಚುಕ್ಕೆಯ ಸುತ್ತ ತೇವ ಇರುವಷ್ಟು ದಿನ ತುಕ್ಕು ಮುಂದುವರಿಯುತ್ತದೆ. ಇದಲ್ಲದೆ ಜೋರು ಧಾರೆ ಹಬ್ಬಿನ ಸೀಲು ದಾಟಿ ಕೆಂಪುಹುಡಿಯನ್ನು ಬೇರಿಂಗಿನೊಳಕ್ಕೇ ನೂಕುತ್ತದೆ. ಒಂದು ಬಕೆಟ್ ಬಾವಿನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು, ಒರೆಸಲು ಬಟ್ಟೆ, ಚೈನಿಗೆ ಸೈಕಲ್ಲಿನದೇ ಎಣ್ಣೆ. ತೆಂಗಿನೆಣ್ಣೆ ಬೇಡ.

ಎಲ್ಲಿ ಓಡಿಸಬಾರದು ಎಂಬುದನ್ನೂ ಹೇಳಬೇಕಲ್ಲ. ಬೆಳ್ತಂಗಡಿ ತಾಲೂಕಿನ ಪೂರ್ವದಂಚು ಕುದುರೆಮುಖ ರಾಷ್ಟ್ರೀಯ ಉದ್ಯಾನ, ಚಾರ್ಮಾಡಿಯ ಸುತ್ತ ಮೀಸಲು ಕಾಡು. ಅಲ್ಲಿ ಅನುಮತಿಯಿಲ್ಲದೆ ಕಾಲಿಡುವಂತೆಯೇ ಇಲ್ಲ, ಆನೆಗಳ ವಿಚಾರ ಆಮೇಲಿನದು. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಜಮಲಾಬಾದಿನ ಗಡಾಯಿಕಲ್ಲಿನದ್ದು ಕಡಿದಾದ ಮೆಟ್ಟಿಲಿನ ದಾರಿ, ಸೈಕಲಿಗಲ್ಲ. ಉಳಿದ ಗುಡ್ಡೆಗಳಿಗೂ ಒಡೆಯರಿದ್ದಾರೆ. ರಬ್ಬರ್ ತೋಟದಲ್ಲಿ ಬೆಳಗಿನ ಜಾವ ಟ್ಯಾಪಿಂಗ್ ನಡೆಯುವ ಹೊತ್ತು, ಗೇರುಗುಡ್ಡೆಯಲ್ಲಿ ಮಾರ್ಚ್, ಏಪ್ರಿಲ್‌ನ ಬೀಜ ಹೆಕ್ಕುವ ಹೊತ್ತು ತಪ್ಪಿಸಿ ಹೋದರೆ, ಕೇಳಿ ಹೋದರೆ, ಬೇಡ ಎನ್ನುವವರು ಕಡಿಮೆ. ನಾಯಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಮೊದಲ ನಾಲ್ಕೈದು ಸವಾರಿಗಳಲ್ಲಿ ಹೊಸ ತಂತಿ ಜಗ್ಗುತ್ತದೆ, ಚಕ್ರದ ಕಡ್ಡಿಗಳು ಸಡಿಲವಾಗುತ್ತವೆ. ಆಗ ಒಮ್ಮೆ ಮೆಕ್ಯಾನಿಕ್ಕಿನ ಕೈಗೆ ಕೊಡಿ, ಆ ಒಂದು ಬಿಗಿತದಿಂದ ಚಕ್ರದ ಆಯಸ್ಸು ಹೆಚ್ಚುತ್ತದೆ. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಟಾರ್ಚು ಬಿಟ್ಟು ಬ್ರೇಕಿನ ಪ್ಯಾಡಿನ ದಪ್ಪ ನೋಡಬೇಕು. ಅರ್ಧ ಮಿಲಿಮೀಟರಿಗೆ ಇಳಿದಿದ್ದರೆ ಅದರ ಕೆಲಸ ಮುಗಿದಿದೆ. ಎರಡು ಜೊತೆ ಪ್ಯಾಡನ್ನು ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳಿ, ನಿಮ್ಮ ಬ್ರೇಕಿನ ಮಾದರಿಯ ಸಂಖ್ಯೆ ನೋಡಿ. ಜುಲೈಯಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದರೆ ಬೆಂಗಳೂರಿನ ಕೊರಿಯರ್ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು.